ಪತ್ರಿಕಾಕರ್ತರಾದ ಫ. ಗು. ಹಳಕಟ್ಟಿಯವರು

ಗ್ರಂಥಕರ್ತನ ಕೀರ್ತಿಯು ಗ್ರಂಥದೊಡನೆ ಉಳಿಯುವದು. ಪತ್ರಿಕಾಕರ್ತನ ಶ್ರಮವಾದರೋ ಮುಂದಿನ ಸಂಚಿಕೆ ಬಂದೊಡನೆ ರದ್ದಿಯ ಪಾಲಾಗುವದು. ನಮ್ಮ ನಗರದ ಸ್ಟೇಷನ್ ರಸ್ತೆಯಲ್ಲಿ ಹೋಗುವ ಯಾರನ್ನಾದರೂ ನಿಲ್ಲಿಸಿ, ಹಳಕಟ್ಟಿಯವರು ಯಾರೆಂದು ಕೇಳಿದರೆ ‘ವಚನ ಪಿತಾಮಹರು’ ಎಂಬ ಉತ್ತರವು ಕೂಡಲೆ ಬರುವದು. ಆದರೆ ಅವರು ಇದೇ ಊರಿನಿಂದ ದಶಕಗಳ ವರೆಗೆ ಎರಡು ಪತ್ರಿಕೆಗಳನ್ನು ನಡೆಯಿಸಿದರೆಂದು ಹೇಳುವವರು ವಿರಳ. ಆ ಪತ್ರಿಕೆಗಳಿಲ್ಲದಿದ್ದರೆ ಆ ಬಿರುದೂ ಅವರಿಗೆ ಸಲ್ಲುತ್ತಿರಲಿಲ್ಲವೆಂಬದು ನನ್ನ ನಂಬಿಗೆ.

ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು 1880ನೆಯ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆಯವರು ಶಿಕ್ಷಕರೂ ಲೇಖಕರೂ ಆಗಿದ್ದರು. ಮುಂಬಯಿಯಲ್ಲಿ ಬಿ. ಎ. ಮುಗಿಸಿ, 1904ರಲ್ಲಿ ಕಾಯಿದೆಯ ಪದವಿಯನ್ನು ಪಡೆದು, ಬೆಳಗಾವಿಯಲ್ಲಿ ಕೆಲಕಾಲವಿದ್ದು, ವಿಜಾಪುರಕ್ಕೆ ಬಂದು ವಕೀಲಿ ಮಾಡತೊಡಗಿದರು. ವಿದ್ಯಾಸಂಸ್ಥೆ, ಸಹಕಾರಿ ಬ್ಯಾಂಕು ಮೊದಲಾದ ಅವರ ಲೋಕೋಪಕಾರಗಳು ಎಲ್ಲರಿಗೂ ವಿದಿತವಾದ್ದರಿಂದ ಇಲ್ಲಿ ವಿಸ್ತರಿಸುವದಿಲ್ಲ.

ತಾಡವೋಲೆಗಳನ್ನು ಮನೆಮನೆಗೆ ತಿರುಗಿ ಕೂಡಿಹಾಕಿ, ಪ್ರತಿ ಮಾಡಿ, ಅಂಕಿತಗಳನ್ನು ಹಿಡಿದು ವಚನಕಾರರನ್ನು ಗುರುತಿಸಿ ಅವರು ‘ವಚನಶಾಸ್ತ್ರಸಾರ’ವನ್ನು ಸಿದ್ಧಗೊಳಿಸಿದರು. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯವು ಮೊದಲು ಒಪ್ಪಿಕೊಂಡು, ಬಳಿಕ ಹಸ್ತಪ್ರತಿಯನ್ನು ಹಿಂದಿರುಗಿಸಿತು. ಕೊನೆಗೆ 1923ರಲ್ಲಿ ಅದರ ಮೊದಲನೆಯ ಭಾಗವು ಬೆಳಗಾವಿಯಲ್ಲಿ ಅಚ್ಚಾಯಿತು. ಪರರ ಮುದ್ರಣಾಲಯದ ಬಾಗಿಲಲ್ಲಿ ಕಾಯುವವನ ಕಾರ್ಯವು ಎಂದಿಗೂ ಪರಾಧೀನವೇ ಎಂಬ ಪಾಠವು ಇದರಲ್ಲಿ ಅಡಗಿದ್ದಿತು. ಅವರು ಸ್ವಂತ ಮನೆಯನ್ನು ಮಾರಿ, 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು.

ಮರುವರ್ಷವೇ ‘ಶಿವಾನುಭವ’ ಪತ್ರಿಕೆಯು ಹೊರಟಿತು. ಇಲ್ಲಿಯೇ ಅವರ ದೂರದೃಷ್ಟಿಯು ತೋರುವದು. ಗ್ರಂಥಕ್ಕೆ ಒಮ್ಮೆಲೆ ದೊಡ್ಡ ಹಣ ಬೇಕು. ಪತ್ರಿಕೆಗಾದರೋ ಸಂಚಿಕೆಯಷ್ಟರ ವೆಚ್ಚ ಸಾಕು. ಹೊಸದಾಗಿ ದೊರೆತ ಪಾಠಗಳು ಕಂತುಕಂತಾಗಿ ಅದರಲ್ಲಿ ಬೆಳಕು ಕಂಡವು. ಅವುಗಳಲ್ಲಿ ಎಷ್ಟೋ ಮುಂದೆ ಪುಸ್ತಕರೂಪವನ್ನು ತಾಳಿದವು. ಐವತ್ತರಷ್ಟು ವಚನಕಾರರ ಹೆಸರು ಮಾತ್ರ ತಿಳಿದಿದ್ದ ನಾಡಿಗೆ 250ಕ್ಕೂ ಹೆಚ್ಚು ಜನರ ಪರಿಚಯವಾಯಿತು. ಸುಮಾರು 35 ವರ್ಷ ಈ ಪತ್ರಿಕೆಯು ನಡೆಯಿತು. ಮೊಳೆಗಳನ್ನು ಒಂದೊಂದಾಗಿ ಜೋಡಿಸಿ, ಕರಡು ತಿದ್ದಿ, ಮತ್ತೆ ಮೊಳೆ ಬಿಚ್ಚಿ ಮನೆಗಳಿಗೆ ಹಾಕುವ ಆ ಕಾಲದ ಕೈಕೆಲಸವನ್ನು ಬಲ್ಲವರಿಗೆ 35 ವರ್ಷವೆಂದರೆ ಏನೆಂಬುದು ತಿಳಿದೀತು.

1927ರಲ್ಲಿ ಅವರು ‘ನವಕರ್ನಾಟಕ’ವೆಂಬ ವಾರಪತ್ರಿಕೆಯನ್ನೂ ಆರಂಭಿಸಿದರು. ಆಗ ನಮ್ಮ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ‘ಕರ್ನಾಟಕ’ವೆಂಬುದು ನಕಾಶೆಯಲ್ಲಿ ಇರದೆ ಮನಸ್ಸಿನಲ್ಲಿ ಮಾತ್ರ ಇದ್ದ ದೇಶ. ಏಕೀಕರಣವು ಕೈಗೂಡಿದ್ದು 1956ನೆಯ ನವೆಂಬರ್ 1ರಂದು. ರಾಜ್ಯಕ್ಕೆ ಆ ಹೆಸರು ಬಂದದ್ದು 1973ರಲ್ಲಿ. ಅದಕ್ಕೂ 46 ವರ್ಷ ಮೊದಲೇ ವಿಜಾಪುರದ ವಕೀಲರೊಬ್ಬರು ಆ ಹೆಸರನ್ನು ವಾರವಾರವೂ ಅಚ್ಚಿನ ಮಸಿಯಲ್ಲಿ ಬರೆಯತೊಡಗಿದ್ದರು! ಒಂದು ಪತ್ರಿಕೆಯು ಕಳೆದುಹೋದದ್ದನ್ನು ಹುಡುಕುತ್ತಿದ್ದಿತು. ಇನ್ನೊಂದು ಬರಬೇಕಾದದ್ದನ್ನು ಕರೆಯುತ್ತಿದ್ದಿತು. ಎರಡಕ್ಕೂ ಸಂಪಾದಕರು ಒಬ್ಬರೇ.

1926ರ ಬಳ್ಳಾರಿಯ ಸಾಹಿತ್ಯ ಸಮ್ಮೇಲನದ ಅಧ್ಯಕ್ಷತೆ, 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಡಿ. ಲಿಟ್. ಪದವಿ ಮೊದಲಾದ ಸನ್ಮಾನಗಳು ಅವರಿಗೆ ಸಂದವು. ಸಂಪತ್ತು ಮಾತ್ರ ಕೈಯಲ್ಲಿ ಉಳಿಯಲಿಲ್ಲ. ಮುದ್ರಣಾಲಯಕ್ಕೆ ಹೋದ ಮನೆಯು ಮುದ್ರಣಾಲಯದಲ್ಲಿಯೇ ಕರಗಿತು. 1964ನೆಯ ಜೂನ್ 29ರಂದು ಅವರು ಲಿಂಗೈಕ್ಯರಾದರು.

ವಾಚಕರಲ್ಲಿ ನನ್ನದೊಂದು ವಿಜ್ಞಾಪನೆ. ಅವರು ಸಂಪಾದಿಸಿದ ಗ್ರಂಥಗಳು ಮರುಮುದ್ರಣಗೊಂಡು ಭದ್ರವಾಗಿವೆ. ವಾರಪತ್ರಿಕೆಯ ತೆಳು ಕಾಗದಕ್ಕೆ ಆ ಭಾಗ್ಯವೆಲ್ಲಿ? ನಿಮ್ಮ ಅಟ್ಟದ ಮೇಲೆ, ಅಜ್ಜನ ಪೆಟ್ಟಿಗೆಯಲ್ಲಿ ‘ನವಕರ್ನಾಟಕ’ದ ಒಂದು ಹಾಳೆ ದೊರೆತರೂ ರದ್ದಿಗೆ ಹಾಕಬೇಡಿರಿ, ಸಮೀಪದ ಗ್ರಂಥಾಲಯಕ್ಕೆ ಮುಟ್ಟಿಸಿರಿ. ಗೆದ್ದಲು ಹಿಡಿದ ಓಲೆಗಳನ್ನು ಅವರು ನಮಗಾಗಿ ಉಳಿಸಿದರು. ಅವರ ಹಾಳೆಗಳನ್ನು ಗೆದ್ದಲಿಗೆ ಬಿಡುವದು ನಮಗೆ ಒಪ್ಪುವ ಮಾತಲ್ಲ.