ಹದಿಮೂರೂವರೆ ದ್ರೋಣ ಮಳೆ

ಮಳೆಯನ್ನು ಹಾಡಿ ಹೊಗಳಿದ ಕವಿಗಳು ನಮ್ಮಲ್ಲಿ ಅನೇಕರು; ಅಳೆದು ಬರೆದಿಟ್ಟವರು ಕಡಮೆ. ಆ ಕಡಮೆಯವರ ಸಾಲಿನಲ್ಲಿ ಮೊದಲು ನಿಲ್ಲತಕ್ಕವನು ಕೌಟಿಲ್ಯ. ಸರ್ಕಾರದ ಉಗ್ರಾಣದಲ್ಲಿ ಒಂದು ಮೊಳ ಬಾಯಿಯ ಕುಂಡವನ್ನಿರಿಸಿ ಮಳೆಯನ್ನು ಅಳೆಯಬೇಕೆಂದು ‘ಅರ್ಥಶಾಸ್ತ್ರ’ ವಿಧಿಸುತ್ತದೆ. ಮುಂದೆ ಬೇಸಾಯದ ಅಧ್ಯಕ್ಷನ ಕರ್ತವ್ಯವನ್ನು ಹೇಳುವಾಗ ನಾಡುನಾಡಿನ ಲೆಕ್ಕವನ್ನೂ ಕೊಡುತ್ತದೆ: ಒಣನಾಡಿಗೆ 16 ದ್ರೋಣ, ನೀರುನೆಲಕ್ಕೆ ಅದರ ಒಂದೂವರೆಯಷ್ಟು, ಅವಂತಿಗೆ 23, ಅಶ್ಮಕಕ್ಕೆ 13½. ದ್ರೋಣವೆಂದರೆ ಎಷ್ಟು ಅಂಗುಲವೆಂಬಲ್ಲಿ ಪಂಡಿತರಲ್ಲಿ ಏಕಾಭಿಪ್ರಾಯವಿಲ್ಲ, ಅದಿರಲಿ. ಅಶ್ಮಕವು ಗೋದಾವರಿಯ ಮಗ್ಗುಲ ನಾಡು. ಅದರ ರಾಜಧಾನಿ ಇಂದಿನ ಬೋಧನವೆಂದು ಹಲವರ ಮತ. ಬೋಧನದ ಸಮೀಪ ಹರಿಯುವ ಮಂಜೀರೆಯೇ ನಮ್ಮ ಬೀದರ ಜಿಲ್ಲೆಯ ನದಿ. ಹಾಗಾಗಿ ಆ ಹದಿಮೂರೂವರೆ ದ್ರೋಣ ಬಸವಕಲ್ಯಾಣ ಹುಮನಾಬಾದುಗಳ ನೆರೆಮನೆಯ ಅಂಕಿ. ಈ ಗ್ರಂಥವನ್ನು 1909ರಲ್ಲಿ ಅಚ್ಚು ಹಾಕಿಸಿ ಲೋಕಕ್ಕೆ ಕೊಟ್ಟವರು ಮೈಸೂರಿನ ಆರ್. ಶಾಮಶಾಸ್ತ್ರಿಗಳೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ.

ಕೌಟಿಲ್ಯನ ಅನಂತರ ಬಹುಕಾಲ ಮೌನ. ಕಲ್ಯಾಣದ ಚಾಲುಕ್ಯರ ಶಾಸನಗಳು ದತ್ತಿಯ ಭೂಮಿಯನ್ನು ಮತ್ತರುಗಳಲ್ಲಿ ಅಳೆದು ಹೇಳುತ್ತವೆ. ಬಿದ್ದ ಮಳೆಯನ್ನು ಅಳೆಯುವ ಗೋಜು ಅವಕ್ಕಿಲ್ಲ. 1396ರ ಸುಮಾರಿಗೆ ತೊಡಗಿ ದಖ್ಖನವನ್ನು ವರ್ಷಾನುಗಟ್ಟಲೆ ಕಾಡಿದ ದುರ್ಗಾದೇವಿ ಬರದ ನೆನಪು ಉಳಿದಿದೆ, ಮಳೆಯ ಅಂಕಿ ಉಳಿದಿಲ್ಲ. ಬ್ರಿಟಿಷರು ಹವಾಮಾನ ಇಲಾಖೆಯನ್ನು ಸ್ಥಾಪಿಸಿದ್ದು 1875ರಲ್ಲಿ; ಅದಕ್ಕೂ ಮುಂಚೆ ಕಲ್ಕತ್ತೆಯ ಚಂಡಮಾರುತ, ಒರಿಸ್ಸಾದ ಬರ ಇವು ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡಿದ್ದುವು.

ಅಳೆಯುವುದು ಒಂದು ವಿದ್ಯೆ, ಗಣಿತದಿಂದ ಮಳೆಯನ್ನು ಕಟ್ಟುವುದು ಇನ್ನೊಂದು. ಎರಡನೆಯದಕ್ಕೆ ಕೈಹಾಕಿದವರಲ್ಲಿ ಇಂಗ್ಲೆಂಡಿನ ರಿಚರ್ಡ್‌ಸನ್ ಪ್ರಮುಖ. 1910ರ ಮೇ 20ರ ಹವೆಯನ್ನು ಆತ ಕೈಯಲ್ಲೇ ಗುಣಿಸಿ 1922ರಲ್ಲಿ ಪ್ರಕಟಿಸಿದ. ಉತ್ತರ ಪೂರಾ ತಪ್ಪಾಗಿ ಬಂದಿತ್ತು, ತಪ್ಪನ್ನು ಮುಚ್ಚಿಡದೆ ಅಚ್ಚು ಹಾಕಿಸಿದ್ದು ಅವನ ದೊಡ್ಡತನ. ಕಂಪ್ಯೂಟರು ಬಂದಮೇಲೆ ಲೆಕ್ಕ ಸುಲಭವಾಯಿತು. 1969ರಲ್ಲಿ ಜಪಾನಿನಿಂದ ಅಮೆರಿಕೆಗೆ ಹೋಗಿ ನೆಲಸಿದ ಮನಾಬೆ ತಮ್ಮ ಲೆಕ್ಕದೊಳಗೆ ನೆಲವನ್ನೂ ಸೇರಿಸಿದರು. ಆ ನೆಲ ಹೇಗಿತ್ತು? ಹದಿನೈದು ಸೆಂಟಿಮೀಟರು ನೀರು ಹಿಡಿಯುವ ಒಂದು ಬಕೀಟು! ಅದು ತುಂಬುವವರೆಗೆ ಮಳೆಯನ್ನು ಕುಡಿಯುತ್ತದೆ, ತುಂಬಿದ ಮೇಲೆ ಹೊರಗೆ ಚೆಲ್ಲುತ್ತದೆ, ಅದೇ ಹೊಳೆ. ಕೌಟಿಲ್ಯನ ಕುಂಡ ಮಳೆಯನ್ನು ಹಿಡಿಯಿತು. ಮನಾಬೆಯವರ ಬಕೀಟು ಮಳೆ ಬಿದ್ದಮೇಲೆ ಎಲ್ಲಿಗೆ ಹೋಯಿತೆಂದು ಕೇಳಿತು. ಅವರಿಗೆ 2021ರಲ್ಲಿ ನೊಬೆಲ್ ಪಾರಿತೋಷಕ ಬಂತು.

ಭೂಮಂಡಲಕ್ಕೆಲ್ಲ ಒಂದೇ ಅಳತೆಯ ಬಕೀಟು ಸಾಲದೆಂಬುದಕ್ಕೆ ನಮ್ಮ ಎರಡು ಊರುಗಳಿಗಿಂತ ಬೇರೆ ಸಾಕ್ಷಿ ಬೇಕಿಲ್ಲ. ಬೀದರಿನಿಂದ ಹುಮನಾಬಾದಿನ ಕಡೆಗೆ ಹಬ್ಬಿದ್ದು ಜಂಬಿಟ್ಟಿಗೆಯ ಕೆಂಪು ನೆಲ. ಸ್ಪಂಜಿನಂತೆ ನೀರನ್ನು ಹೀರಿ ಕೆಳಗಿನ ಕರಿಕಲ್ಲಿನ ಮೇಲೆ ಕೂಡಿಡುತ್ತದೆ. ಬಸವಕಲ್ಯಾಣದ ಸುತ್ತ ಹೆಚ್ಚಾಗಿ ಕರಿಕಲ್ಲು ಮತ್ತು ಎರೆಮಣ್ಣು. ಬೇಸಗೆಯಲ್ಲಿ ಬಿರಿದು, ಮಳೆಗೆ ಉಬ್ಬಿ, ಮೇಲೆ ಬಿದ್ದದ್ದನ್ನು ಒಳಕ್ಕೆ ಬಿಡಲು ಹಿಂಜರಿಯುತ್ತದೆ. ಬೀದರಿನ ಬಹಮನಿ ಕಾಲದ ಸುರಂಗಬಾವಿಗಳನ್ನು ತೋಡಿದ ಕುಶಲಿಗರಿಗೆ ಈ ಜಂಬಿಟ್ಟಿಗೆಯ ಗುಟ್ಟು ತಿಳಿದಿತ್ತು. ಹರಿಯುವ ದಿಕ್ಕೂ ಒಂದಲ್ಲ. ಬಸವಕಲ್ಯಾಣ ತಾಲ್ಲೂಕಿನ ಚುಳಕಿನಾಲೆಯ ನೀರು ಮಂಜೀರೆಗೆ ಸೇರಿ ಗೋದಾವರಿಯ ಪಾಲು; ಅದೇ ತಾಲ್ಲೂಕಿನ ಮುಲ್ಲಾಮಾರಿಯ ನೀರು ಕಾಗಿಣೆ ಭೀಮೆಗಳ ಮೂಲಕ ಕೃಷ್ಣೆಯ ಪಾಲು.

ಇಂಥ ಸ್ಥಳಭೇದವನ್ನು ಹಿಡಿಯಬೇಕೆಂದೇ 1980ರ ದಶಕದ ಕೊನೆಯಲ್ಲಿ ಪ್ರಾದೇಶಿಕ ಹವಾಗುಣ ಮಾದರಿಗಳು ಹುಟ್ಟಿದುವು. 2009ರಲ್ಲಿ ಇವನ್ನು ಒಂದೇ ನಿಯಮಕ್ಕೆ ತಂದು ಪರೀಕ್ಷಿಸುವ ಅಂತರರಾಷ್ಟ್ರೀಯ ಕಾರ್ಯ ಮೊದಲಾಯಿತು. ದಕ್ಷಿಣ ಏಷ್ಯದ ಭಾಗದ ಹೊಣೆಯನ್ನು ಪುಣೆಯ ಉಷ್ಣವಲಯ ಹವಾಶಾಸ್ತ್ರ ಸಂಸ್ಥೆ ಹೊತ್ತಿತು. ಪರೀಕ್ಷೆಯ ಕ್ರಮ ಸರಳ: 1989ರಿಂದ 2008ರವರೆಗಿನ ಹವೆಯನ್ನು ಮಾದರಿಗೆ ಅಂಚಿನಿಂದ ಒದಗಿಸಿ, ಒಳಗಿನ ಮಳೆಯನ್ನು ಅದೇ ಕಟ್ಟಲಿ ಎಂದು ಬಿಟ್ಟು, ನಿಜವಾಗಿ ಬಿದ್ದ ಮಳೆಯೊಡನೆ ಹೋಲಿಸುವುದು. ಇದರ ಚೌಕ ಸುಮಾರು 50 ಕಿಲೋಮೀಟರಿನದು. ಬಸವಕಲ್ಯಾಣ ಹುಮನಾಬಾದುಗಳ ನಡುವೆ ನೇರ ಗೆರೆ ಎಳೆದರೆ 25 ಕಿಲೋಮೀಟರಿಗಿಂತ ಹೆಚ್ಚಿಲ್ಲ. ಎರಡೂ ಊರು, ಎರಡೂ ಮಣ್ಣು, ಎರಡೂ ನದಿಗಳ ದಾರಿ ಒಂದೇ ಚೌಕದಲ್ಲಿ ಅಡಗಿಬಿಡಬಹುದು. ಭಾರತದ ಮಳೆಯ ಮಟ್ಟಿಗೆ ಈ ಸಣ್ಣ ಚೌಕದ ಮಾದರಿಗಳು ದೊಡ್ಡವನ್ನು ಎಲ್ಲ ಕಡೆಯೂ ಮೀರಿಸಿಲ್ಲ.

ಆದರೆ ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಬೇರೊಂದು ತೊಡಕು. ನೀರಿನ ಲೆಕ್ಕ ಅಂಗಡಿಯ ಕಿರ್ದಿಯಂತೆ. ಮಳೆ ಜಮಾ, ಆವಿಯೂ ಹೊಳೆಯೂ ಖರ್ಚು, ಮಣ್ಣಿನಲ್ಲಿ, ಬಾವಿಯಲ್ಲಿ ಉಳಿದದ್ದು ಶಿಲ್ಕು. ಮಾದರಿಗಳನ್ನು ಹೆಚ್ಚಾಗಿ ತೂಗುವುದು ಜಮಾ ಕಲಮಿನಿಂದ ಮಾತ್ರ. ತುಂತುರನ್ನು ಬೇಕಾದ್ದಕ್ಕಿಂತ ಹೆಚ್ಚು ದಿನ ಸುರಿಸುವುದು, ದೊಡ್ಡ ಮಳೆಯನ್ನು ಸಣ್ಣದು ಮಾಡುವುದು ಇವುಗಳ ಹಳೆಯ ಚಾಳಿ. ತಿಂಗಳ ಮೊತ್ತ ಸರಿಯಾಗಿಯೇ ಇರಬಹುದು. ತುಂತುರು ಆವಿಯಾಗಿ ಹೋಗುತ್ತದೆ, ಕೆರೆ ತುಂಬುವುದಿಲ್ಲ. 2015ರಲ್ಲಿ ಬೀದರ ಜಿಲ್ಲೆ ಬರದಿಂದ ಬೆಂದಿತು. 2016ರ ಸೆಪ್ಟೆಂಬರಿನ ಕೊನೆಯಲ್ಲಿ, ಉತ್ತರೆ ಹಸ್ತೆಗಳ ಹೊತ್ತಿಗೆ, ಬಂದ ಮಳೆಗೆ ಹಳ್ಳಕೊಳ್ಳಗಳು ಉಕ್ಕಿದುವು. ಎರಡು ವರ್ಷಗಳ ಸರಾಸರಿ ತೆಗೆದರೆ ಎರಡರ ಕತೆಯೂ ಅಳಿಸಿಹೋಗುತ್ತದೆ. ತೊಗರಿ ಬಿತ್ತಿದವನಿಗೆ ಸರಾಸರಿಯಿಂದ ಆಗಬೇಕಾದ್ದೇನು?

ಖರ್ಚಿನ ಕಲಮನ್ನು ತಪಾಸಣೆ ಮಾಡೋಣವೆಂದರೆ ಸಾಕ್ಷಿಗಳೇ ದುರ್ಬಲ. ಮಾದರಿ ಲೆಕ್ಕ ಹಾಕುವುದು ಸ್ವಚ್ಛಂದವಾಗಿ ಹರಿಯುವ ಹೊಳೆಯನ್ನು. ನಾವು ಅಳೆಯುವುದು ಕಾರಂಜಾ ಜಲಾಶಯ, ಕಬ್ಬಿನ ಗದ್ದೆ, ಕೊಳವೆಬಾವಿ ಇವೆಲ್ಲ ಕುಡಿದು ಬಿಟ್ಟ ಹೊಳೆಯನ್ನು. ನೆಲದೊಳಗಿನ ನೀರನ್ನು ಆಕಾಶದಿಂದ ತೂಗುವ ಜೋಡಿ ಉಪಗ್ರಹಗಳು 2002ರಿಂದ ಕೆಲಸಕ್ಕೆ ಬಂದುವು. ಅವುಗಳ ಕಣ್ಣಿಗೆ ಕಾಣುವುದು ನೂರಾರು ಕಿಲೋಮೀಟರಿನ ಒಟ್ಟು ತೂಕ, ಒಂದು ತಾಲ್ಲೂಕಲ್ಲ. ಮಳೆಯ ಮಟ್ಟಿಗೆ ಕರ್ನಾಟಕ ಮುಂದೆ ಬಂದಿದೆ. 1988ರಲ್ಲಿ ಬರ ಪರಿಶೀಲನೆಗೆಂದು ತೆರೆದ ಘಟಕವೇ ಬೆಳೆದು ಗ್ರಾಮಪಂಚಾಯತಿಗಳಲ್ಲಿ ತಾನಾಗಿ ಸುದ್ದಿ ಕಳಿಸುವ ಮಳೆಮಾಪಕಗಳನ್ನು ನೆಟ್ಟಿದೆ. ಹದಿನೈದು ನಿಮಿಷಕ್ಕೊಮ್ಮೆ ಅಂಕಿ ಬರುತ್ತದೆ. ತುಂತುರು ಯಾವುದು, ಜಡಿಮಳೆ ಯಾವುದು ಎಂದು ಮಾದರಿಯನ್ನು ಪ್ರಶ್ನಿಸಲು ಇದು ತಕ್ಕ ಸಾಧನ. ಇಷ್ಟೇ ಕಟ್ಟುನಿಟ್ಟಿನಿಂದ ಹುಮನಾಬಾದಿನ ಜಂಬಿಟ್ಟಿಗೆಯ ಬಾವಿಯ ಮಟ್ಟವನ್ನೂ, ಮುಲ್ಲಾಮಾರಿ ಚುಳಕಿನಾಲೆಗಳ ಹರಿವನ್ನೂ ಊರೂರಿನಲ್ಲಿ ಬರೆದಿಟ್ಟರೆ ಶಿಲ್ಕಿನ ಕಲಮನ್ನೂ ತಾಳೆ ನೋಡಬಹುದು.