ಹೈಡ್ ಪಾರ್ಕಿನ ಮೂರು ಸ್ಮಾರಕಗಳು

ಆಸ್ಟ್ರೇಲಿಯದ ಸಾರ್ವಜನಿಕ ಉದ್ಯಾನಗಳಲ್ಲಿ ಅತ್ಯಂತ ಹಳೆಯದು ಸಿಡ್ನಿ ನಗರದ ಹೈಡ್ ಪಾರ್ಕ್. 1810ರಲ್ಲಿ ಗವರ್ನರ್ ಮ್ಯಾಕ್ವಾರಿಯು ಆ ಬಯಲನ್ನು ಪುರಜನರಿಗಾಗಿ ಮೀಸಲಿಟ್ಟು, ಲಂಡನ್ನಿನ ಉದ್ಯಾನದ ಹೆಸರನ್ನೇ ಅದಕ್ಕೆ ಕೊಟ್ಟನು. ಅಲ್ಲಿರುವ ಮೂರು ಯುದ್ಧಸ್ಮಾರಕಗಳನ್ನು ಕಾಲಕ್ರಮದಿಂದ ಪರಿಶೀಲಿಸಿದರೆ, ಒಂದು ನಗರವು ಯುದ್ಧವನ್ನು ಸ್ಮರಿಸುವ ಬಗೆಯು ಹೇಗೆ ಮಾರ್ಪಟ್ಟಿತೆಂಬುದು ವಿಶದವಾಗುವುದು.

ಮೊದಲನೆಯದು ಜರ್ಮನರ ಎಮ್ಡನ್ ನೌಕೆಯ ತೋಪು. 1914ನೆಯ ಸೆಪ್ಟೆಂಬರ್ 22ರ ರಾತ್ರಿ ಮದರಾಸಿನ ಮೇಲೆ ಗುಂಡಿನ ಮಳೆಗರೆದು, ಎಣ್ಣೆಯ ತೊಟ್ಟಿಗಳಿಗೆ ಬೆಂಕಿಯಿಟ್ಟ ನೌಕೆಯೇ ಇದು. ಅದೇ ವರ್ಷದ ನವೆಂಬರ್ 9ರಂದು ಕೋಕೋಸ್ ದ್ವೀಪಗಳ ಬಳಿ, ಸಿಡ್ನಿಯೆಂಬ ಹೆಸರನ್ನೇ ಹೊತ್ತ ಯುದ್ಧನೌಕೆಯು ಅದನ್ನು ಧ್ವಂಸಮಾಡಿತು. 1917ರಲ್ಲಿ ಅದರ ತೋಪೊಂದನ್ನು ಉದ್ಯಾನದ ಮೂಲೆಯಲ್ಲಿ ನಿಲ್ಲಿಸಲಾಯಿತು. ಶತ್ರುವಿನ ಆಯುಧವನ್ನು ಜಯಚಿಹ್ನೆಯಾಗಿ ಊರಿಗೆ ತರುವುದು ಪುರಾತನವಾದ ಪದ್ಧತಿಯಷ್ಟೆ.

ಎರಡನೆಯದು 1934ರಲ್ಲಿ ಪೂರ್ಣಗೊಂಡ ಆನ್ಜಾಕ್ ಸ್ಮಾರಕ. ಇದರ ಶಿಲ್ಪಿ ಬ್ರೂಸ್ ಡೆಲಿಟ್; ವಿಗ್ರಹಗಳು ರೇನರ್ ಹಾಫನವು. ಯುದ್ಧಸೇವೆಗೆ ಹೊರಟವರ ಗುರುತಾಗಿ ಗುಮ್ಮಟದ ಒಳಭಾಗದಲ್ಲಿ 1,20,000 ಸುವರ್ಣ ನಕ್ಷತ್ರಗಳಿವೆ. ಅದರ ನಡುವೆ ಕೆಳಗೆ, ಗುರಾಣಿಯ ಮೇಲೆ ಮಲಗಿದ ನಗ್ನ ತರುಣನ ಶವವನ್ನು ತಾಯಿ, ಸೋದರಿ, ಶಿಶುವನ್ನೆತ್ತಿಕೊಂಡ ಹೆಂಡತಿ ಹೊತ್ತು ನಿಂತಿದ್ದಾರೆ. ಅದನ್ನು ನೋಡಬೇಕಾದವರು ತಲೆ ಬಾಗಿಸಲೇಬೇಕು. ಇಲ್ಲಿ ವಿಜಯದ ಘೋಷಣೆಯಿಲ್ಲ. ಯುದ್ಧದ ಭಾರವು ಕೊನೆಗೆ ಯಾರ ಹೆಗಲಿನ ಮೇಲೆ ಬೀಳುವುದೆಂಬುದು ಕಂಚಿನಲ್ಲಿ ನಿರೂಪಿತವಾಗಿದೆ. ಶಿಲುಬೆಗೇರಿದ ಸ್ತ್ರೀಯೊಬ್ಬಳ ವಿಗ್ರಹಸಮೂಹವನ್ನೂ ಹಾಫನು ಯೋಜಿಸಿದ್ದನು. ಕ್ಯಾಥೊಲಿಕ್ ಮಠಾಧಿಕಾರಿಗಳ ಪ್ರತಿಭಟನೆಯಿಂದ ಅದು ಸ್ಥಾಪಿತವಾಗಲಿಲ್ಲ.

ಇಷ್ಟಾದರೂ ಸ್ಮರಣೆಯಲ್ಲಿ ಒಂದು ಕೊರತೆ ಉಳಿದಿದ್ದಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಐರೋಪ್ಯ ಮೂಲದವರಲ್ಲದವರ ಸೇನಾಪ್ರವೇಶಕ್ಕೆ ನಿಯಮವು ಅಡ್ಡಿಯಾಗಿದ್ದರೂ, ಆ ನೆಲದ ಮೂಲನಿವಾಸಿಗಳು ಅನೇಕರು ಸೇನೆಗೆ ಸೇರಿ ಹೋರಾಡಿದರು. ಹಿಂದಿರುಗಿದ ಸೈನಿಕರಿಗೆ ಸರ್ಕಾರವು ಭೂಮಿಯನ್ನು ಹಂಚಿದಾಗ ಇವರಲ್ಲಿ ಬಹುಮಂದಿಗೆ ಪಾಲು ದೊರೆಯಲಿಲ್ಲ. ಇವರ ನೆನಪಿಗಾಗಿ 2015ರಲ್ಲಿ, ಮೂಲನಿವಾಸಿ ಕಲಾವಿದನಾದ ಟೋನಿ ಆಲ್ಬರ್ಟ್ ಏಳು ಬೃಹತ್ ಗುಂಡುಗಳ ಸ್ಮಾರಕವನ್ನು ರಚಿಸಿದನು. ನಾಲ್ಕು ನೆಟ್ಟಗೆ ನಿಂತಿವೆ, ಮೂರು ಬರಿಯ ಕೋಶಗಳಾಗಿ ನೆಲಕ್ಕುರುಳಿವೆ: ಬದುಕಿ ಬಂದವರು, ಮಡಿದವರು.

ತೋಪಿಗೂ ಈ ಗುಂಡುಗಳಿಗೂ ನಡುವೆ 98 ವರ್ಷಗಳ ಅಂತರ. ರೂಪದಲ್ಲಿ ಎರಡೂ ಯುದ್ಧಸಾಮಗ್ರಿಗಳೇ. ತೋಪು ಗೆದ್ದವರ ಹೆಮ್ಮೆಯನ್ನು ಸಾರಿದರೆ, ಗುಂಡುಗಳು ನಗರವು ತೀರಿಸದೆ ಉಳಿಸಿಕೊಂಡಿದ್ದ ಋಣವನ್ನು ಸಾರುತ್ತವೆ.