ಹೆಬ್ಬೆಟ್ಟು ಯಾರದ್ದು?

ಬಲ್ಮಠದ ಏರು ಹತ್ತಿ ಶಾಲೆಗೆ ಹೋಗುವುದು ನನಗೆ ಎಷ್ಟೋ ವರ್ಷಗಳ ಅಭ್ಯಾಸ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಬಾಸೆಲ್ ಮಿಷನ್ನಿನ ಕಲ್ಲಚ್ಚಿನಲ್ಲಿ ಹೊರಬಂದದ್ದು ನಮ್ಮ ಈ ಊರಿನಲ್ಲಿ. ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾದದ್ದೂ ಇಲ್ಲಿಯೇ. ಅಕ್ಷರಕ್ಕೆ ಇಷ್ಟು ಹೆಸರಾದ ಊರಿನಲ್ಲಿ ಮಕ್ಕಳಿಗೆ ಅಕ್ಷರ ಕಲಿಸುವ ನನ್ನ ಬಿ.ಎ., ಬಿ.ಎಡ್. ಎರಡನ್ನೂ ಒಂದು ಹೆಬ್ಬೆಟ್ಟು ನಾಚಿಸಿದ ಸಂಗತಿಯನ್ನು ಹೇಳಬೇಕಾಗಿದೆ.

ಅದು 2000ನೇ ಇಸವಿಯ ಗ್ರಾಮ ಪಂಚಾಯತ್ ಚುನಾವಣೆ. ನಾನಾಗ ತವರೂರಿನಲ್ಲಿದ್ದೆ, ಕೆಲಸಕ್ಕೆ ಸೇರಿ ಹೆಚ್ಚು ದಿನವಾಗಿರಲಿಲ್ಲ. ಮೂರನೇ ಒಂದು ಪಾಲು ಸ್ಥಾನ ಮಹಿಳೆಯರಿಗೆ ಎಂದು 1993ರ ಕಾನೂನು ಹೇಳಿತ್ತು. ನೆರೆಮನೆಯ ಬೀಡಿ ಕಟ್ಟುವ ಹೆಂಗಸೊಬ್ಬರು ಧೈರ್ಯ ಮಾಡಿ ಚುನಾವಣೆಗೆ ನಿಲ್ಲಲು ಹೊರಟರು. ಒಂದು ಸಂಜೆ ನಾಮಪತ್ರ ಹಿಡಿದುಕೊಂಡು ಬಂದು, "ಟೀಚರೇ, ಇದು ಸರಿ ಉಂಟಾ ಒಮ್ಮೆ ನೋಡಿ" ಎಂದರು.

ನಾನು ಗಂಭೀರವಾಗಿ ಕನ್ನಡಕ ಏರಿಸಿ ನೋಡಿದೆ. ಎರಡು ಕಡೆ ದೀರ್ಘ ಬಿಟ್ಟುಹೋಗಿತ್ತು, ಹಾಕಿಸಿದೆ. ಸೂಚಕರ ಜಾಗದಲ್ಲಿ ಪಕ್ಕದ ಮನೆಯ ಅಜ್ಜಿಯ ಹೆಬ್ಬೆಟ್ಟಿನ ಗುರುತಿತ್ತು. ಮನೆಯ ಜಗಲಿಯಲ್ಲೇ ಕುಳಿತು ಒತ್ತಿದ್ದಂತೆ. ಅದರಲ್ಲಿ ತಿದ್ದುವುದೇನಿದೆ ಎಂದು ಮುಂದೆ ಹೋದೆ.

ಪರಿಶೀಲನೆಯ ದಿನ ನಾಮಪತ್ರ ತಿರಸ್ಕೃತವಾಯಿತು. ಹೆಬ್ಬೆಟ್ಟನ್ನು ಅಧಿಕಾರಿಯ ಎದುರು ಒತ್ತಿರಲಿಲ್ಲ, ಅದಕ್ಕೆ ಅವರ ದೃಢೀಕರಣ ಇರಲಿಲ್ಲ. ಅಜ್ಜಿಗೆ ಇದು ಅರ್ಥವೇ ಆಗಲಿಲ್ಲ. "ನನ್ನ ಬೆರಳೇ ಅಲ್ಲವಾ ಟೀಚರೇ? ಮತ್ತೆ ಯಾರದ್ದು ಅಂತೆ?" ಎಂದು ಕೇಳಿದರು. ತರಗತಿಯಲ್ಲಿ ಪೌರನೀತಿ ಪಾಠ ಮಾಡುವ ನನ್ನ ಬಳಿ ಉತ್ತರ ಇರಲಿಲ್ಲ.

ಆ ಪ್ರಶ್ನೆ ಹಳೆಯದು ಎಂದು ಆಮೇಲೆ ಓದಿ ತಿಳಿದೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯಂತೆ ಮೊದಲ ಮಹಾಚುನಾವಣೆಯಲ್ಲಿ ನಾಮಪತ್ರಕ್ಕೆ ಒಬ್ಬ ಸೂಚಕ, ಒಬ್ಬ ಅನುಮೋದಕ ಸಹಿ ಹಾಕಬೇಕಿತ್ತು. ಓದು ಬಾರದವರು ಹೆಬ್ಬೆಟ್ಟು ಒತ್ತಬಹುದಿತ್ತು. ಆದರೆ ಅಧಿಕಾರಿಯ ಎದುರು ಒತ್ತಬೇಕು, ಇವರೇ ಅವರು ಎಂದು ಆತ ಖಚಿತಪಡಿಸಿಕೊಂಡು ದೃಢೀಕರಿಸಬೇಕು. ಪಂಜಾಬಿನಲ್ಲಿ ಹೀಗೆ ದೃಢೀಕರಣವಿಲ್ಲದ ಹೆಬ್ಬೆಟ್ಟಿನ ನಾಮಪತ್ರಗಳು ತಿರಸ್ಕೃತವಾದವು. ಅದು ಬರೀ ತಾಂತ್ರಿಕ ದೋಷವೇ, ಅಲ್ಲವೇ ಎಂಬ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ರತ್ತನ್ ಅನ್ಮೋಲ್ ಸಿಂಗ್ ಅವರ ಆ ಪ್ರಕರಣದಲ್ಲಿ 1954ರಲ್ಲಿ ತೀರ್ಪು ಬಂತು: ದೃಢೀಕರಣ ಬರೀ ಶಾಸ್ತ್ರಕ್ಕೆ ಇರುವುದಲ್ಲ, ಅದಿಲ್ಲದಿದ್ದರೆ ಸಹಿಯೇ ಇಲ್ಲದಂತೆ. ಪರಿಶೀಲನೆಯ ಹೊತ್ತಿಗೆ ಅದನ್ನು ಸರಿಪಡಿಸಲೂ ಬರುವುದಿಲ್ಲ.

ಮೊದಲು ನನಗೆ ಸಿಟ್ಟು ಬಂತು. ಹೆಬ್ಬೆಟ್ಟು ಒತ್ತುವವರಲ್ಲಿ ಹೆಂಗಸರೇ ಹೆಚ್ಚು. ಅದೇ ಮೊದಲ ಚುನಾವಣೆಯಲ್ಲಿ ಸುಮಾರು 28 ಲಕ್ಷ ಹೆಂಗಸರ ಹೆಸರನ್ನು ಮತದಾರರ ಪಟ್ಟಿಯಿಂದ ತೆಗೆದುಹಾಕಬೇಕಾಯಿತು. ಅವರು ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ್ದರು. ಹೆಸರೇ ಇಲ್ಲದವರು ಸೂಚಕರಾಗುವುದೆಲ್ಲಿಂದ? ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1926ರಲ್ಲಿ, ಹೆಂಗಸರಿಗೆ ಸ್ಪರ್ಧಿಸುವ ಹಕ್ಕು ಸಿಕ್ಕಿದ ವರ್ಷವೇ, ಮದ್ರಾಸ್ ಶಾಸನ ಪರಿಷತ್ತಿಗೆ ಪಕ್ಷೇತರರಾಗಿ ನಿಂತು ಅಲ್ಪ ಮತಗಳಿಂದ ಸೋತಿದ್ದರು. ಅಂಥ ಊರಿನ ಆಸುಪಾಸಿನಲ್ಲೇ ಮುಕ್ಕಾಲು ಶತಮಾನದ ಮೇಲೆ ಒಬ್ಬ ಹೆಂಗಸು ಸೋಲುವ ಅವಕಾಶವನ್ನೂ ಕಳೆದುಕೊಂಡಳಲ್ಲ ಎನ್ನಿಸಿತು.

ನಾಮಪತ್ರ ತಪ್ಪಾಗಿ ತಿರಸ್ಕೃತವಾದರೆ ಕೂಡಲೇ ಕೋರ್ಟಿಗೆ ಹೋಗಬಾರದೇ ಎಂದು ನೀವು ಕೇಳಬಹುದು. ನಾವು ಮದ್ರಾಸ್ ರಾಜ್ಯದಲ್ಲಿದ್ದಾಗ ಅದೇ ರಾಜ್ಯದ ನಾಮಕ್ಕಲ್‌ನ ಪೊನ್ನುಸ್ವಾಮಿ ಎಂಬವರು ಹೋಗಿ ನೋಡಿದರು. 1952ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಚುನಾವಣೆ ಆರಂಭವಾದ ಮೇಲೆ ನಡುವೆ ಕೋರ್ಟು ಕೈಹಾಕುವಂತಿಲ್ಲ, ಮುಗಿದ ಮೇಲೆ ಚುನಾವಣಾ ತಕರಾರು ಅರ್ಜಿ ಹಾಕಿ ಎಂದಿತು. 2021ರಲ್ಲಿ ಕೇರಳದ ತಲಶ್ಶೇರಿ ಮತ್ತು ಗುರುವಾಯೂರಿನ ಬಿಜೆಪಿ ಅಭ್ಯರ್ಥಿಗಳು ಪಕ್ಷದ ಪತ್ರಗಳಲ್ಲಿ ಬೇಕಾದ ಸಹಿ ಇಲ್ಲವೆಂದು ಕಣದಿಂದ ಹೊರಬಿದ್ದಾಗ ಅಲ್ಲಿನ ಹೈಕೋರ್ಟು ಕೊಟ್ಟದ್ದೂ ಅದೇ ಉತ್ತರ.

ಸಹಿ ಬೇಡವೇ ಬೇಡ ಎನ್ನುವ ಹಾಗೂ ಇಲ್ಲ. 1996ರ ಲೋಕಸಭಾ ಚುನಾವಣೆಯಲ್ಲಿ ನಮ್ಮ ಬೆಳಗಾವಿಯೊಂದರಲ್ಲೇ 456 ಮಂದಿ ಕಣದಲ್ಲಿದ್ದರು. ಆ ವರ್ಷವೇ ಕಾಯ್ದೆ ತಿದ್ದುಪಡಿಯಾಯಿತು: ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು, ಉಳಿದವರಿಗೆ ಅದೇ ಕ್ಷೇತ್ರದ ಹತ್ತು ಮತದಾರರು ಬೇಕು. ರಾಷ್ಟ್ರಪತಿ ಚುನಾವಣೆಗೆ 1974ರಲ್ಲಿ ಹತ್ತು ಸೂಚಕರು, ಹತ್ತು ಅನುಮೋದಕರು ಎಂದಾಯಿತು. 1997ರಲ್ಲಿ ಅದು ಐವತ್ತು, ಐವತ್ತು ಆಯಿತು. 1977ರಲ್ಲಿ 37 ಮಂದಿ ನಾಮಪತ್ರ ಸಲ್ಲಿಸಿ, 36 ಮಂದಿಯದು ತಿರಸ್ಕೃತವಾಗಿ, ಸಂಜೀವ ರೆಡ್ಡಿಯವರು ಅವಿರೋಧವಾಗಿ ಆಯ್ಕೆಯಾದರು. ಚರಣ್ ಲಾಲ್ ಸಾಹು ಎಂಬ ವಕೀಲರು ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋಗಿ ಸೋತರು. ಬಾಗಿಲಿಗೆ ಅಗುಳಿ ಬೇಕು ನಿಜ. ಅದು ಬಡವರ ಕೈಗೆ ಎಟುಕದಷ್ಟು ಎತ್ತರದಲ್ಲಿರಬಾರದು ಅಷ್ಟೆ.

ಅಜ್ಜಿಯ ಪ್ರಶ್ನೆಗೆ ಉತ್ತರ ಹೊಳೆದದ್ದು 2024ರ ಏಪ್ರಿಲಿನಲ್ಲಿ. ಸೂರತ್ ಲೋಕಸಭಾ ಕ್ಷೇತ್ರದ ಕಾಂಗ್ರೆಸ್ ಅಭ್ಯರ್ಥಿಯ ಮೂವರು ಸೂಚಕರು, ಈ ಸಹಿ ನಮ್ಮದಲ್ಲ ಎಂದು ಪ್ರಮಾಣಪತ್ರ ಕೊಟ್ಟರು. ನಾಮಪತ್ರ ತಿರಸ್ಕೃತವಾಯಿತು. ಉಳಿದ ಅಭ್ಯರ್ಥಿಗಳೂ ಹಿಂದೆ ಸರಿದರು. 22ರಂದು ಬಿಜೆಪಿಯ ಅಭ್ಯರ್ಥಿ ಅವಿರೋಧವಾಗಿ ಗೆದ್ದರು. ಲಕ್ಷಾಂತರ ಮತದಾರರಿಗೆ ಮತ ಹಾಕುವ ಕೆಲಸವೇ ಉಳಿಯಲಿಲ್ಲ.

ಪತ್ರಿಕೆಯಲ್ಲಿ ಅದನ್ನು ಓದಿದ ದಿನ ಅಜ್ಜಿಯನ್ನು ನೆನೆದೆ. ಅಲ್ಲಿ ಅಕ್ಷರ ಬಲ್ಲವರು ತಮ್ಮದಲ್ಲ ಎಂದರು. ಇಲ್ಲಿ ಅಕ್ಷರ ಬಾರದವರು ನನ್ನದೇ ಎನ್ನುತ್ತಿದ್ದರು, ಕೇಳುವವರಿರಲಿಲ್ಲ. ಅಧಿಕಾರಿಯ ಎದುರೇ ಒತ್ತಬೇಕು ಎಂದು ಕಾನೂನು ಹೇಳಿದ್ದು ಅಜ್ಜಿಯನ್ನು ಅವಮಾನಿಸಲು ಅಲ್ಲ. ನಾಳೆ ಯಾರೂ ಇದು ಅಜ್ಜಿಯದ್ದಲ್ಲ ಎನ್ನದ ಹಾಗೆ ಕಾಯಲು. ಅದನ್ನು ಅಂದು ಸಂಜೆಯೇ ಹೇಳಬೇಕಾಗಿದ್ದವಳು ನಾನು. ದೀರ್ಘ ತಿದ್ದುತ್ತ ಕುಳಿತೆ.

ಆಕೆ ಮತ್ತೆ ಚುನಾವಣೆಗೆ ನಿಲ್ಲಲಿಲ್ಲ. ಅಜ್ಜಿ ಈಗಿಲ್ಲ. ಯಾರಾದರೂ ಹೆಂಗಸರು ಕಾಗದ ಹಿಡಿದು "ಸರಿ ಉಂಟಾ ಟೀಚರೇ?" ಎಂದರೆ ನಾನು ಈಗ ಮೊದಲು ನೋಡುವುದು ಕಾಗುಣಿತವನ್ನಲ್ಲ. "ಇದನ್ನು ಯಾರ ಎದುರು ಹಾಕಿದಿರಿ?" ಎಂದು ಕೇಳುತ್ತೇನೆ.